ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದೆ: ತುಂಬಿಸಲೇ, ಬದಲಿಸಲೇ? 1994ರ ಕಾಂಟೆಸ್ಸಾ, ಡೊಂಬಿವಲಿ

ಡೊಂಬಿವಲಿ ಕಾಂಟೆಸ್ಸಾ | ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಪ್ಪ ಚೆಂಬೂರಿನಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕೊಂಡ ಕಾಂಟೆಸ್ಸಾ ಕಾರು ಈಗ ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ನೋಂದಣಿ ನವೀಕರಣವಾಗಿದೆ, 2029ರವರೆಗೆ ಆ ಚಿಂತೆ ಇಲ್ಲ. ಎಂಜಿನ್, ಬ್ರೇಕು, ಕೆಳಗಿನ ತಗಡು ಎಲ್ಲವೂ ಗಟ್ಟಿ. ಮನಸ್ಸಿಗೆ ಚುಚ್ಚುತ್ತಿರುವುದು ಡ್ಯಾಶ್‌ಬೋರ್ಡ್ ಒಂದೇ.

ಒಟ್ಟು ಮೂರು ಬಿರುಕುಗಳಿವೆ. ದೊಡ್ಡದು ಚಾಲಕನ ಬದಿಯ ಗಾಳಿಕಿಂಡಿಯ ಮೂಲೆಯಿಂದ ಹೊರಟು ನಡುವಿನವರೆಗೆ ಬಂದಿದೆ, ಕಿರುಬೆರಳು ತೂರುವಷ್ಟು ಬಾಯಿ ತೆರೆದಿದೆ. ಅಂಚುಗಳು ಬಿಸಿಲಿಗೆ ಒಣಗಿದ ಹಪ್ಪಳದಂತೆ ಮೇಲಕ್ಕೆ ಮುದುಡಿವೆ. ಒಳಗಿನ ಫೋಮ್ ಹಳದಿಯಾಗಿದೆ, ಮುಟ್ಟಿದರೆ ರವೆಯಂತೆ ಉದುರುತ್ತದೆ. ಬ್ರೇಕು ಒತ್ತಿದಾಗಲೆಲ್ಲ ಒಂದಿಷ್ಟು ಪುಡಿ ಮೀಟರಿನ ಗಾಜಿನ ಮೇಲೆ ಬೀಳುತ್ತದೆ.

ಒಂದು ವಿಚಿತ್ರವನ್ನೂ ಹೇಳಬೇಕು. ನಡುಮಧ್ಯದಲ್ಲಿ ದೊಡ್ಡಪ್ಪ ಕಟೀಲಿನ ಅಮ್ಮನವರ ಹಿತ್ತಾಳೆ ಚೌಕಟ್ಟಿನ ಸಣ್ಣ ಪಟವನ್ನು ಅಂಟಿಸಿದ್ದರು. ಕಾರು ಬಂದ ದಿನದಿಂದ ಅದು ಅಲ್ಲಿಯೇ ಇದೆ. ದೊಡ್ಡ ಬಿರುಕು ಆ ಪಟದ ಬುಡದವರೆಗೆ ಬಂದು ನಿಂತುಬಿಟ್ಟಿದೆ. ದೊಡ್ಡಮ್ಮ ಅದನ್ನು ಅಮ್ಮನ ಕೃಪೆ ಎನ್ನುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ.

ಮೂರು ಕಡೆ ವಿಚಾರಿಸಿದೆ. ಒಬ್ಬರು ಪುಟ್ಟಿ ತುಂಬಿ ಬಣ್ಣ ಹೊಡೆಯೋಣ ಎಂದರು. ಇನ್ನೊಬ್ಬರು ಪೂರ್ತಿ ರೆಕ್ಸಿನ್ ಹೊದಿಸೋಣ ಎಂದರು. ಮೂರನೆಯವರು ಗುಜರಿಯಿಂದ ಬೇರೆ ಡ್ಯಾಶ್‌ಬೋರ್ಡ್ ತಂದುಕೊಡಿ, ಕೂರಿಸಿಕೊಡುತ್ತೇನೆ ಎಂದರು. ಕಾಂಟೆಸ್ಸಾ ತಯಾರಿಕೆ ನಿಂತದ್ದು 2002ರಲ್ಲಿ, ಹೊಸ ಡ್ಯಾಶ್‌ಬೋರ್ಡಿನ ಮಾತೇ ಇಲ್ಲ. ಮೇ ತಿಂಗಳಲ್ಲಿ ಇದೇ ಕಾರಿನಲ್ಲಿ ಊರಿಗೆ ಹೋಗಬೇಕೆಂದಿದ್ದೇವೆ. ಅನುಭವ ಇರುವವರು ದಾರಿ ತೋರಿಸಿ.

ಕುರ್ಲಾ ಪದ್ಮಿನಿ | ಫೆಬ್ರವರಿ 9

ಪುಟ್ಟಿಯ ಮಾತಿಗೆ ಮಾತ್ರ ಒಪ್ಪಬೇಡಿ. ನಾನು ಒಪ್ಪಿ ಕೆಟ್ಟವನು.

ನನ್ನ ತಂದೆ ಪದ್ಮಿನಿ ಟ್ಯಾಕ್ಸಿ ಓಡಿಸುತ್ತಿದ್ದರು. ನಾವಿರುವ ಈ ಕುರ್ಲಾದ ಕಾರ್ಖಾನೆಯಲ್ಲೇ ತಯಾರಾದ ಬಂಡಿ ಅದು. ಮುಂಬೈಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು ಕಡೆಯದಾಗಿ ಸರಿದದ್ದು 2023ರ ಅಕ್ಟೋಬರ್ 30ರಂದು. ತಂದೆಯವರು ಅದಕ್ಕೆ ಎಷ್ಟೋ ಮೊದಲೇ ಪರವಾನಗಿ ಬಿಟ್ಟಿದ್ದರು. ಆಮೇಲೆ ನಾನು ಮನೆಯ ಬಳಕೆಗೆಂದು ಬೇರೊಂದು ಖಾಸಗಿ ಪದ್ಮಿನಿಯನ್ನು ಕೊಂಡೆ. ಅದರ ಡ್ಯಾಶ್‌ಬೋರ್ಡಿನ ಮೇಲಿನ ಮೆತ್ತೆ ಎರಡು ಕಡೆ ಸೀಳಿತ್ತು.

ಒಂದು ಗ್ಯಾರೇಜಿನಲ್ಲಿ ಬಾಗಿಲು, ಮಡ್‌ಗಾರ್ಡಿಗೆ ಹಾಕುವ ಪುಟ್ಟಿಯನ್ನೇ ತುಂಬಿ, ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಹೊಡೆದುಕೊಟ್ಟರು. ಡಿಸೆಂಬರಿನಲ್ಲಿ ನೋಡಿದರೆ ಹೊಸ ಸಾಮಾನು. ಏಪ್ರಿಲ್ ಬರುವಷ್ಟರಲ್ಲಿ ಪುಟ್ಟಿಯ ಎರಡೂ ಬದಿಗೆ ಹೊಸ ಗೆರೆ ಮೂಡಿತು, ಮೊದಲು ಒಂದಿದ್ದ ಬಿರುಕು ಎರಡಾಯಿತು. ನಡುವಿನ ಪುಟ್ಟಿ ಚಪ್ಪಡಿಯಂತೆ ಅಲ್ಲಾಡತೊಡಗಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಆ ಹೊಳಪು. ಮಧ್ಯಾಹ್ನ ಹೆದ್ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಪ್ರತಿಬಿಂಬವೆಲ್ಲ ಮುಂದಿನ ಗಾಜಿನಲ್ಲಿ ಬಿದ್ದು ರಸ್ತೆ ಮಸುಕಾಗಿ ಕಾಣುತ್ತಿತ್ತು. ಟವೆಲು ಹಾಸಿಕೊಂಡು ಓಡಿಸಿದ್ದೇನೆ. ಏನೇ ಮಾಡಿಸಿ, ಬಣ್ಣ ಮಾತ್ರ ಹೊಳಪಿಲ್ಲದ್ದೇ ಇರಲಿ.

ಭೋಸರಿ ಮೋಲ್ಡಿಂಗ್ | ಫೆಬ್ರವರಿ 10

ನಾನು ಭೋಸರಿಯಲ್ಲಿ ಪ್ಲಾಸ್ಟಿಕ್ ಅಚ್ಚಿನ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಈ ಬಿರುಕು ಏಕೆ ಬರುತ್ತದೆ ಎಂಬುದು ತಿಳಿದರೆ ಮದ್ದು ತಾನೇ ಹೊಳೆಯುತ್ತದೆ, ಅದಕ್ಕಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೆತ್ತಗಿನ ಡ್ಯಾಶ್‌ಬೋರ್ಡಿಗೆ ಮೂರು ಪದರ. ತಳದಲ್ಲಿ ಗಟ್ಟಿ ಪ್ಲಾಸ್ಟಿಕ್ ಅಥವಾ ತಗಡಿನ ಚೌಕಟ್ಟು. ನಡುವೆ ಪಾಲಿಯುರೆಥೇನ್ ಫೋಮ್. ಮೇಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಪಿವಿಸಿ ಚರ್ಮ. ಈ ಪಿವಿಸಿ ಮೂಲದಲ್ಲಿ ನಿಮ್ಮ ಮನೆಯ ನೀರಿನ ಪೈಪಿನಷ್ಟೇ ಬಿರುಸು. ಅದನ್ನು ಮೆತ್ತಗಾಗಿಸಲು ಎಣ್ಣೆಯಂತಹ ದ್ರವವನ್ನು ಬೆರೆಸಿರುತ್ತಾರೆ, ಅದಕ್ಕೆ ಪ್ಲಾಸ್ಟಿಸೈಜರ್ ಎನ್ನುತ್ತೇವೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೊಡ್ಡ ಮಾತಲ್ಲ. ಆ ಬಿಸಿಗೆ ಎಣ್ಣೆ ದಿನದಿನವೂ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೊರಡುತ್ತದೆ. ಮುಂದಿನ ಗಾಜಿನ ಒಳಬದಿಯಲ್ಲಿ ಜಿಡ್ಡಿನ ಮಂಜು ಕೂತಿರುವುದನ್ನು ನೋಡಿದ್ದೀರಲ್ಲ, ಎಷ್ಟು ಒರೆಸಿದರೂ ಮತ್ತೆ ಬರುವಂಥದ್ದು? ಅದರಲ್ಲಿ ಬಹುಪಾಲು ನಿಮ್ಮ ಡ್ಯಾಶ್‌ಬೋರ್ಡಿನಿಂದ ಹೋದ ಎಣ್ಣೆಯೇ.

ಎಣ್ಣೆ ಹೋದ ಚರ್ಮ ಕುಗ್ಗುತ್ತದೆ. ಅದು ಅಂಚಿಗೆಲ್ಲ ಅಂಟಿಕೊಂಡಿರುವುದರಿಂದ ಕುಗ್ಗಲು ಜಾಗವಿಲ್ಲ, ಬಿಗಿದು ನಿಲ್ಲುತ್ತದೆ. ಜೊತೆಗೆ ಬಿಸಿಲಿನ ನೇರಳಾತೀತ ಕಿರಣ ಚರ್ಮದ ಬಲವನ್ನೂ ತಿನ್ನುತ್ತದೆ. ಕಡೆಗೊಂದು ದಿನ ಎಲ್ಲಿ ದುರ್ಬಲವೋ ಅಲ್ಲಿ ಸೀಳುತ್ತದೆ. ಗಾಳಿಕಿಂಡಿಯ ಮೂಲೆ, ಸ್ಪೀಕರ್ ಜಾಳಿಗೆಯ ಅಂಚು, ಸ್ಕ್ರೂ ತೂತು, ಇವೇ ಹುಟ್ಟುವ ಜಾಗಗಳು.

ಅಂದರೆ ನಿಮ್ಮ ಬಿರುಕಿನ ಎರಡು ದಂಡೆಗಳೂ ಇಂದಿಗೂ ಚಲಿಸುತ್ತಿವೆ, ಬಿಸಿಗೊಂದು ರೀತಿ, ತಂಪಿಗೊಂದು ರೀತಿ. ನಡುವೆ ಬಾಗದ ವಸ್ತುವನ್ನು ತುಂಬಿದರೆ ಪದ್ಮಿನಿಯವರಿಗೆ ಆದದ್ದೇ ಆಗುತ್ತದೆ. ಬಾಡಿ ಪುಟ್ಟಿಯೂ ಬೇಡ, ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿಯೂ ಬೇಡ. ಪ್ಲಾಸ್ಟಿಕ್ ಬಂಪರ್ ದುರಸ್ತಿಗೆಂದು ಬರುವ, ಒಣಗಿದ ಮೇಲೂ ಬಾಗುವ ಎರಡು ಭಾಗದ ಫಿಲ್ಲರ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಸ್ವಲ್ಪವನ್ನು ಪಾಲಿಥೀನ್ ಹಾಳೆಯ ಮೇಲೆ ಸವರಿ, ಮರುದಿನ ಕಿತ್ತು ಬಾಗಿಸಿ ನೋಡಿ. ಮುರಿದರೆ ಅದು ನಿಮಗೆ ಬೇಡ.

ಪಟದ ವಿಷಯ. ಅದರ ನೆರಳಿನಲ್ಲಿ ಬಿಸಿಲು ತಾಗಿಲ್ಲ, ಅಲ್ಲಿನ ಚರ್ಮದಲ್ಲಿ ಎಣ್ಣೆ ಇನ್ನೂ ಉಳಿದಿರಬೇಕು. ಸೀಳು ಮೆತ್ತಗಿನ ಜಾಗಕ್ಕೆ ಬಂದಾಗ ನಿಲ್ಲುತ್ತದೆ. ನಿಮ್ಮ ದೊಡ್ಡಮ್ಮನವರ ಮಾತಿಗೆ ಇದರಿಂದ ಕುಂದೇನೂ ಇಲ್ಲ, ಅಮ್ಮ ಕಾಪಾಡಿದ ಬಗೆ ಇದು ಎಂದುಕೊಳ್ಳಿ.

ಕೊತ್ರೂಡ್ ಸೀಟ್‌ಕವರ್ | ಫೆಬ್ರವರಿ 10

ನಮ್ಮದು ಪುಣೆಯಲ್ಲಿ ಸೀಟ್ ಕವರ್ ಹೊಲಿಯುವ ಅಂಗಡಿ. ನಾನು, ನಮ್ಮ ಯಜಮಾನರು, ಇಬ್ಬರು ಹುಡುಗರು. ರೆಕ್ಸಿನ್ ಹೊದಿಸುವ ಕೆಲಸವನ್ನು ನಾವು ಮಾಡುತ್ತೇವೆ, ಆದರೂ ಎಲ್ಲ ಕಾರಿಗೂ ಅದು ಸರಿ ಎನ್ನಲಾರೆ.

ರೆಕ್ಸಿನ್ ಚೆನ್ನಾಗಿ ಬರುವುದು ಉಬ್ಬಿದ ಮೈ ಇದ್ದಲ್ಲಿ. ತಗ್ಗು ಇದ್ದಲ್ಲಿ, ಮೀಟರಿನ ಹುಬ್ಬಿನ ಕೆಳಗೆ, ಗಾಳಿಕಿಂಡಿಯ ಸುತ್ತ, ಅದು ಯಾವಾಗಲೂ ಮೇಲೇಳಲು ಹವಣಿಸುತ್ತಿರುತ್ತದೆ. ಹೀಟ್ ಗನ್ ಹಿಡಿದು ಎಳೆದು ಕೂರಿಸಿದ್ದು ಚಳಿಗಾಲದಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಅಂಟು ಬಿಸಿಯಾಗಿ ಬಿಡುತ್ತದೆ. ಹೊಲಿಗೆ ಹಾಕಿ ತುಂಡು ಜೋಡಿಸಿದರೆ ನಿಲ್ಲುತ್ತದೆ, ಆದರೆ ಹೊಲಿಗೆಯ ಗೆರೆ ಕಾಣುತ್ತದೆ. ಕೆಲವರಿಗೆ ಅದೇ ಚೆಂದ, ಹಳೆಯ ಕಾರಿನ ಮೂಲ ರೂಪ ಬೇಕೆನ್ನುವವರಿಗೆ ಅದೇ ಕಿರಿಕಿರಿ.

ಮತ್ತೊಂದು. ಬಿರುಕಿನ ಮೇಲೆ ನೇರವಾಗಿ ರೆಕ್ಸಿನ್ ಅಂಟಿಸುವ ಅಂಗಡಿಗೆ ಕಾರು ಕೊಡಬೇಡಿ. ಮುದುಡಿದ ಅಂಚು ಒಳಗಿನಿಂದ ಎದ್ದು, ತಿಂಗಳೊಳಗೆ ಮೇಲೆ ಗೆರೆಯಾಗಿ ಕಾಣುತ್ತದೆ. ಹೊದಿಸುವುದಾದರೂ ಬಿರುಕು ತುಂಬಿ ಸಮ ಮಾಡಿಯೇ ಹೊದಿಸಬೇಕು. ಹಾಗಾಗಿ ಭೋಸರಿ ಸರ್ ಹೇಳಿದ ಕೆಲಸ ಹೇಗೂ ತಪ್ಪಿದ್ದಲ್ಲ. ಮೊದಲು ಅದನ್ನು ಮಾಡಿ ನೋಡಿ, ತೃಪ್ತಿಯಾಗದಿದ್ದರೆ ರೆಕ್ಸಿನ್ ಇದ್ದೇ ಇದೆ.

ಪಟವನ್ನು ತೆಗೆಯಬೇಕಾಗಿ ಬಂದರೆ ಚಾಕು ತೂರಿಸಬೇಡಿ. ಕೂದಲು ಒಣಗಿಸುವ ಡ್ರೈಯರಿನಿಂದ ಅಂಟನ್ನು ಸ್ವಲ್ಪ ಬಿಸಿ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಬುಡಕ್ಕೆ ಹಾಕಿ ಗರಗಸದಂತೆ ಆಚೀಚೆ ಎಳೆಯಿರಿ. ಪಟಕ್ಕೂ ಚರ್ಮಕ್ಕೂ ಗೀರು ಬೀಳುವುದಿಲ್ಲ.

ವಾಸ್ಕೊ 800 | ಫೆಬ್ರವರಿ 11

ಗೋವಾದಿಂದ ಬರೆಯುತ್ತಿದ್ದೇನೆ. ನನ್ನದು 1997ರ ಮಾರುತಿ 800. ಇದರಲ್ಲಿ ಮೆತ್ತೆ ಇಲ್ಲ, ಪೂರ್ತಿ ಗಟ್ಟಿ ಪ್ಲಾಸ್ಟಿಕ್. ಮೇಲೆ ಸೀಳಿಲ್ಲ, ಆದರೆ ಸ್ಕ್ರೂ ಕೂರುವ ಕಿವಿಗಳು ಒಂದೊಂದಾಗಿ ಮುರಿದಿವೆ. ಹಾಳು ರಸ್ತೆಯಲ್ಲಿ ಇಡೀ ಡ್ಯಾಶ್‌ಬೋರ್ಡ್ ತಟ್ಟೆ ಬಡಿದಂತೆ ಸದ್ದು ಮಾಡುತ್ತದೆ.

ಇಲ್ಲಿಯ ಕಡಲ ಗಾಳಿಯಲ್ಲಿ ಸ್ಕ್ರೂಗಳು ತುಕ್ಕು ಹಿಡಿದು ನಟ್ಟಿನೊಂದಿಗೆ ಒಂದಾಗಿರುತ್ತವೆ. ಬಿಚ್ಚುವವರು ಬಲ ಹಾಕಿ ತಿರುಗಿಸುತ್ತಾರೆ, ಸ್ಕ್ರೂ ಬಿಡುವ ಮೊದಲು ಪ್ಲಾಸ್ಟಿಕ್ ಬಿಡುತ್ತದೆ. ಹೀಗೆಯೇ ನನ್ನ ಎರಡು ಕಿವಿ ಹೋದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟಿಡಬೇಕಿತ್ತು. ಕಾಂಟೆಸ್ಸಾದವರು ಬಿಚ್ಚುವ ಮೊದಲು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಈ ಕಿವಿಗಳನ್ನು ಯಾವ ಅಂಟಿನಿಂದ ಜೋಡಿಸಬಹುದು? ಎರಡು ಬಗೆಯ ಇನ್‌ಸ್ಟಂಟ್ ಅಂಟು ಹಾಕಿ ನೋಡಿದೆ, ಒಣಗಿದ ಸಿಪ್ಪೆಯಂತೆ ಎದ್ದು ಬಂತು.

ಭೋಸರಿ ಮೋಲ್ಡಿಂಗ್ | ಫೆಬ್ರವರಿ 11

ಸಿಪ್ಪೆಯಂತೆ ಎದ್ದಿತು ಎಂದರೆ ಅದು ಪಾಲಿಪ್ರೊಪಿಲೀನ್, ಅಂದರೆ ಪಿಪಿ ಇರಬೇಕು. ಅದಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಭಾಗದ ಹಿಂಬದಿಯಲ್ಲಿ ಅಚ್ಚೊತ್ತಿದ ಗುರುತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಪಿಪಿ ಅಥವಾ ಎಬಿಎಸ್ (ಇನ್ನೊಂದು ಜಾತಿಯ ಗಟ್ಟಿ ಪ್ಲಾಸ್ಟಿಕ್) ಎಂದು ಇರಬಹುದು. ಗುರುತು ಇಲ್ಲದಿದ್ದರೆ, ಮುರಿದ ಚೂರಿಗೆ ಅಸಿಟೋನ್ ಒಂದು ಹನಿ ಬಿಡಿ. ಜಿಗುಟಾದರೆ ಎಬಿಎಸ್, ಏನೂ ಆಗದಿದ್ದರೆ ಪಿಪಿ ಎಂದು ತಿಳಿಯಿರಿ. ಚೂರನ್ನು ನೀರಿಗೆ ಹಾಕಿ ತೇಲಿದರೆ ಪಿಪಿ ಎಂದು ಕೆಲವರು ಹೇಳುತ್ತಾರೆ. ಬರಿಯ ಪಿಪಿ ತೇಲುತ್ತದೆ ನಿಜ, ಆದರೆ ಕಾರಿನ ಭಾಗಗಳಿಗೆ ಟಾಲ್ಕ್ ಪುಡಿ ಬೆರೆಸಿದ ಪಿಪಿಯನ್ನೂ ಬಳಸುತ್ತಾರೆ, ಅದು ಮುಳುಗುತ್ತದೆ. ಆ ಪರೀಕ್ಷೆಯನ್ನೇ ನಂಬಿ ಮೋಸಹೋಗಬೇಡಿ.

ಎಬಿಎಸ್ ಆದರೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಗಂಜಿ ಮಾಡಿ ಹಚ್ಚಿ, ಬೆಸೆದುಕೊಳ್ಳುತ್ತದೆ. ಪಿಪಿ ಆದರೆ ಬೆಸುಗೆಯೇ ಗತಿ. ಹಿಂಬದಿಯಲ್ಲಿ ಸ್ಟೀಲ್ ಜಾಳಿಗೆಯ ತುಂಡು ಇಟ್ಟು, ಸೋಲ್ಡರಿಂಗ್ ಕಡ್ಡಿಯಿಂದ ಕಾಯಿಸಿ ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿ, ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ಮುಚ್ಚಿ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಒಳ್ಳೆಯದಲ್ಲ. ಮರಳಿ ಕೂರಿಸುವಾಗ ಕಿವಿಯ ಅಡಿಗೆ ರಬ್ಬರ್ ವಾಷರ್ ಹಾಕಿ, ಸ್ಕ್ರೂವನ್ನು ಕೈಬಲಕ್ಕಿಂತ ಹೆಚ್ಚು ಬಿಗಿಯಬೇಡಿ.

ಠಾಣೆ ಶಿಕ್ಷಕಿ | ಫೆಬ್ರವರಿ 12

ನಡುವೆ ಬಂದುದಕ್ಕೆ ಕ್ಷಮಿಸಿ. ನನ್ನದು 2010ರ ಕಾರು, ಎರಡೂ ಬದಿಗೆ ಏರ್‌ಬ್ಯಾಗ್ ಇದೆ. ಎಡಬದಿಯಲ್ಲಿ ಏರ್‌ಬ್ಯಾಗ್ ಎಂದು ಬರೆದಿರುವ ಜಾಗದ ಪಕ್ಕ ಕೂದಲೆಳೆಯಂತಹ ಗೆರೆ ಕಾಣುತ್ತಿದೆ. ಇದೇ ಫಿಲ್ಲರ್ ಹಚ್ಚಬಹುದೇ?

ಭೋಸರಿ ಮೋಲ್ಡಿಂಗ್ | ಫೆಬ್ರವರಿ 12

ಮೇಡಂ, ದಯವಿಟ್ಟು ಹಚ್ಚಬೇಡಿ. ಇದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಆ ಮುಚ್ಚಳ ನಿರ್ದಿಷ್ಟ ಗೆರೆಯಲ್ಲಿ ಹರಿಯಲೆಂದೇ ಒಳಗಿನಿಂದ ತೆಳುವಾಗಿಸಿ ಮಾಡಿರುತ್ತಾರೆ. ಅಪಘಾತದಲ್ಲಿ ಚೀಲ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬಿ ಹೊರಬರುತ್ತದೆ. ಮೇಲೆ ಫಿಲ್ಲರ್, ದಪ್ಪ ಬಣ್ಣ ಅಥವಾ ರೆಕ್ಸಿನ್ ಇದ್ದರೆ ಒಂದೋ ಸರಿಯಾಗಿ ತೆರೆಯದು, ಇಲ್ಲವೇ ಹಚ್ಚಿದ ಗಟ್ಟಿ ಚೂರುಗಳು ಪಕ್ಕದಲ್ಲಿ ಕುಳಿತವರ ಮುಖಕ್ಕೆ ಸಿಡಿಯುತ್ತವೆ. ಅಲ್ಲಿ ದೇವರ ಪಟವನ್ನೂ, ಮೊಬೈಲ್ ಸ್ಟ್ಯಾಂಡನ್ನೂ, ಕಾರ್ಪೆಟನ್ನೂ ಇಡಬಾರದು. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ತೋರಿಸಿ. ಬದಲಿಸಬೇಕು ಎಂದರೆ ಬದಲಿಸಿ. ಯಾರೇ ಬಿಚ್ಚಿದರೂ ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಕಂಪನಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಆಮೇಲೆಯೇ ಕೈ ಹಾಕಬೇಕು. ಈ ಚರ್ಚೆಯಲ್ಲಿ ನಾನು ಹೇಳಿದ ಉಳಿದ ಮದ್ದೆಲ್ಲ ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಿಗೆ ಮಾತ್ರ.

ಠಾಣೆ ಶಿಕ್ಷಕಿ | ಫೆಬ್ರವರಿ 12

ಅಲ್ಲಿಯೇ ಒಂದು ಗಣಪತಿ ಇತ್ತು. ಈಗಲೇ ತೆಗೆದು ದೇವರ ಮನೆಯಲ್ಲಿಟ್ಟೆ. ತುಂಬ ಉಪಕಾರವಾಯಿತು.

ಡೊಂಬಿವಲಿ ಕಾಂಟೆಸ್ಸಾ | ಫೆಬ್ರವರಿ 23

ಎರಡು ಭಾನುವಾರ ಹುಡುಕಾಟದಲ್ಲಿ ಹೋಯಿತು. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಕಾಂಟೆಸ್ಸಾದ ಡ್ಯಾಶ್‌ಬೋರ್ಡ್ ಎಂದಾಕ್ಷಣ ಹೆಚ್ಚಿನವರು ತಲೆಯಾಡಿಸಿಬಿಟ್ಟರು. ಒಬ್ಬ ಅಜ್ಜ ಮಾತ್ರ ಮಾಳಿಗೆಯ ಮೇಲಿಂದ ಒಂದನ್ನು ಇಳಿಸಿಕೊಟ್ಟರು. ದೂರದಿಂದ ಬಿರುಕೇ ಇಲ್ಲ. ಸಂತೋಷದಿಂದ ಗಾಳಿಕಿಂಡಿಯ ಪಕ್ಕ ಹೆಬ್ಬೆರಳಿನಿಂದ ಒತ್ತಿದೆ, ಅಲ್ಲಿಯೇ ಚಟ್ಟೆಂದು ಗೆರೆ ಬಿಟ್ಟಿತು. ಅಜ್ಜ ಬೇಸರಿಸಿಕೊಳ್ಳಲಿಲ್ಲ. "ಇದರದ್ದೂ ನಿಮ್ಮದರಷ್ಟೇ ವಯಸ್ಸು, ಇದೂ ಬಿಸಿಲು ಕಂಡದ್ದೇ" ಎಂದು ಹಿಂದಿಯಲ್ಲಿ ಹೇಳಿ ಮತ್ತೆ ಮೇಲಿಟ್ಟರು.

ಆ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತಿತು. ಎಲ್ಲಿಂದ ತಂದರೂ ಇಪ್ಪತ್ತು ವರ್ಷ ದಾಟಿದ ಚರ್ಮವನ್ನೇ ತರಬೇಕು. ಹಾಗಿದ್ದ ಮೇಲೆ ನನ್ನದನ್ನೇ ಉಳಿಸಿಕೊಳ್ಳುತ್ತೇನೆ, ತುಂಬಿಸುವುದೆಂದು ನಿರ್ಧರಿಸಿದೆ.

ಈಗ ಉಳಿದ ಸಂದೇಹ ಒಂದು. ತುಂಬಿಸಿದ ಜಾಗ ನುಣ್ಣಗಿರುತ್ತದೆ, ಸುತ್ತ ಮುತ್ತ ತೊಗಲಿನ ನೆರಿಗೆ ಇರುತ್ತದೆ. ಬಣ್ಣ ಬಳಿದರೂ ತೇಪೆ ಎದ್ದು ಕಾಣುವುದಿಲ್ಲವೇ?

ಭೋಸರಿ ಮೋಲ್ಡಿಂಗ್ | ಫೆಬ್ರವರಿ 23

ಕಾಣುತ್ತದೆ. ಆ ನೆರಿಗೆಗೆ ನಾವು ಗ್ರೇನ್ ಎನ್ನುತ್ತೇವೆ. ಬಿಸಿಲು ಬಿದ್ದ ಕಡೆ ನಿಮ್ಮ ಗ್ರೇನ್ ಸವೆದಿರುತ್ತದೆ, ಅದನ್ನು ನಕಲು ಮಾಡಿದರೆ ಮಸುಕಾಗಿ ಬರುತ್ತದೆ. ಆದರೆ ನಿಮ್ಮ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ದಿನದಂತೆಯೇ ಗ್ರೇನ್ ಉಳಿದಿರಬಹುದಾದ ಒಂದು ಜಾಗವಿದೆ. ಅಮ್ಮನವರ ಪಟದ ಅಡಿ.

ಪಟವನ್ನು ತೆಗೆಯಲು ಮನೆಯವರು ಒಪ್ಪಿದರೆ, ಆ ಜಾಗದ ಮೇಲೆ ಅಚ್ಚಿನ ಸಿಲಿಕೋನ್ ಸುರಿದು ಒಂದು ಮುದ್ರೆ ತೆಗೆದುಕೊಳ್ಳಿ. ತುಂಬಿಸಿದ ಫಿಲ್ಲರ್ ಇನ್ನೂ ಹಸಿ ಇರುವಾಗ ಆ ಮುದ್ರೆಯನ್ನು ಒತ್ತಿದರೆ ನಿಮ್ಮದೇ ಡ್ಯಾಶ್‌ಬೋರ್ಡಿನ ಗ್ರೇನ್ ಅದರ ಮೇಲೆ ಮೂಡುತ್ತದೆ. ಸಿಲಿಕೋನಿಗೆ ಫಿಲ್ಲರ್ ಅಂಟುವುದಿಲ್ಲ.

ಕೊತ್ರೂಡ್ ಸೀಟ್‌ಕವರ್ | ಫೆಬ್ರವರಿ 24

ಸರ್, ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ. ಡೊಂಬಿವಲಿಯವರೇ, ದೊಡ್ಡಮ್ಮನವರನ್ನು ಕೇಳಿಯೇ ಮುಂದುವರಿಯಿರಿ. ಅವರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.

ಡೊಂಬಿವಲಿ ಕಾಂಟೆಸ್ಸಾ | ಮಾರ್ಚ್ 30

ಐದು ವಾರದ ಕೆಲಸ, ಒಂದೇ ಸಲ ಬರೆಯುತ್ತೇನೆ.

ದೊಡ್ಡಮ್ಮನಿಗೆ ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನೀನು ತೆಗೆಯಬೇಡ, ನಾನೇ ತೆಗೆಯುತ್ತೇನೆ" ಎಂದರು. ಶುಕ್ರವಾರ ಬೆಳಗ್ಗೆ ಸ್ನಾನ ಮಾಡಿ ಕೆಳಗಿಳಿದು ಬಂದರು. ನಾನು ಡ್ರೈಯರ್ ಹಿಡಿದೆ, ಅವರು ನೈಲಾನ್ ದಾರವನ್ನು ಎಳೆದರು. ನಾಲ್ಕು ಮೂಲೆಗೆ ಮಾತ್ರ ಅಂಟುಪಟ್ಟಿ ಇತ್ತು. ಪಟ ಬಿಟ್ಟು ಬಂತು, ಕೆಳಗೆ ಎರಡು ಬೆಂಕಿಪೊಟ್ಟಣ ಅಗಲದ ಕಡುಕಪ್ಪು ಚೌಕ. ಸುತ್ತಲಿನ ಚರ್ಮವೆಲ್ಲ ಬೂದಿಗೆ ತಿರುಗಿದೆ ಎಂಬುದು ಅದನ್ನು ನೋಡುವವರೆಗೆ ನನಗೆ ಗೊತ್ತೇ ಇರಲಿಲ್ಲ. ಉಗುರಿನಿಂದ ಮೆಲ್ಲಗೆ ಒತ್ತಿದೆ, ಒಳಗೆ ಹೋಗಿ ಮತ್ತೆ ಮೇಲೆ ಬಂತು. ಮೂವತ್ತು ವರ್ಷದ ಹಿಂದಿನ ಮೆದು ಹಾಗೆಯೇ ಇದೆ. ದೊಡ್ಡಮ್ಮ ಆ ಚೌಕದ ಮೇಲೆ ಬೆರಳಾಡಿಸಿ, ಕಾರು ತಂದ ದಿನ ಎಲ್ಲವೂ ಹೀಗೆಯೇ ಇತ್ತು ಎಂದರು.

ಚೌಕದ ಸುತ್ತ ಮಕ್ಕಳ ಆಟದ ಕ್ಲೇಯಿಂದ ಕಟ್ಟೆ ಕಟ್ಟಿ, ಒಳಗೆ ವ್ಯಾಸಲಿನ್ ತೆಳುವಾಗಿ ಒರೆಸಿ, ಎರಡು ಭಾಗ ಬೆರೆಸಿದ ಸಿಲಿಕೋನ್ ಸುರಿದೆ. ಮರುದಿನ ಎಬ್ಬಿಸಿದರೆ ಒಂದೊಂದು ನೆರಿಗೆಯೂ ಬಂದಿತ್ತು.

ಡ್ಯಾಶ್‌ಬೋರ್ಡನ್ನು ಕಾರಿನಲ್ಲೇ ಇಟ್ಟು ಮಾಡೋಣ ಎಂದುಕೊಂಡಿದ್ದೆ. ಗಾಜಿಗೂ ಗಾಳಿಕಿಂಡಿಗೂ ನಡುವೆ ಕೈಯೇ ಹೋಗುವುದಿಲ್ಲ, ಉಜ್ಜುವ ಮಾತು ದೂರ. ಬಿಚ್ಚಿಸಿದೆ. ವಾಸ್ಕೊದವರ ಮಾತಿನಂತೆ ಹಿಂದಿನ ರಾತ್ರಿ ಎಣ್ಣೆ ಬಿಟ್ಟಿದ್ದೆ, ಒಂದೂ ಕಿವಿ ಮುರಿಯಲಿಲ್ಲ. ಬ್ಯಾಟರಿ ವೈರು, ಸ್ಟೀರಿಂಗ್, ಮೀಟರ್, ಸ್ಪೀಡೋಮೀಟರ್ ಕೇಬಲ್, ಎ.ಸಿ. ಡಕ್ಟ್, ಈ ಕ್ರಮದಲ್ಲಿ ಬಿಚ್ಚುತ್ತ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದೆ. ಸ್ಕ್ರೂಗಳನ್ನು ಹೋಟೆಲಿನ ಚಟ್ನಿ ಪೊಟ್ಟಣದ ಚೀಲಗಳಲ್ಲಿ ಹಾಕಿ ಹೆಸರು ಬರೆದಿಟ್ಟೆ.

ಮೊದಲು ಶುಚಿ ಮಾಡುವ ಕೆಲಸ. ದೊಡ್ಡಪ್ಪನ ಚಾಲಕರು ಹೊಳಪಿಗೆಂದು ವರ್ಷಗಟ್ಟಲೆ ಪಾಲಿಶ್ ಹಚ್ಚಿದ್ದಾರೆ, ಅದರ ಸಿಲಿಕೋನ್ ಮೈಗೆಲ್ಲ ಹಿಡಿದಿತ್ತು. ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿದೆ. ಬಿರುಕು ಮುಗಿಯುವ ತುದಿಗಳಲ್ಲಿ 3 ಮಿಲಿಮೀಟರ್ ಡ್ರಿಲ್ಲಿನಿಂದ ಚರ್ಮಕ್ಕೆ ಮಾತ್ರ ತಾಗುವಂತೆ ತೂತು ಹಾಕಿದೆ, ಸೀಳು ಮುಂದೆ ಓಡದಿರಲಿ ಎಂದು. ಮುದುಡಿದ ಅಂಚನ್ನು ಬ್ಲೇಡಿನಿಂದ ಇಳಿಜಾರಾಗಿ ಕತ್ತರಿಸಿದೆ. ರವೆಯಂತಹ ಫೋಮನ್ನೆಲ್ಲ ಕೆರೆದು ತೆಗೆದು, ಸ್ಪ್ರೇ ಡಬ್ಬಿಯ ಫೋಮ್ ತುಂಬಿದೆ. ಅದು ಉಬ್ಬಿ ಇಡ್ಲಿಯಂತೆ ಮೇಲೆ ಬಂತು. ಒಂದು ರಾತ್ರಿ ಬಿಟ್ಟು, ಚರ್ಮಕ್ಕಿಂತ ಎರಡು ಮಿಲಿಮೀಟರ್ ಕೆಳಗಿರುವಂತೆ ಕತ್ತರಿಸಿದೆ.

ಫಿಲ್ಲರ್ ಎರಡು ಪದರ. 120, ಆಮೇಲೆ 240, ಕಡೆಗೆ 400ರ ಎಮರಿ ಕಾಗದ. ಕಣ್ಣಿಗೆ ಸಮ ಎನಿಸಿದ್ದು ಬೆರಳಿಗೆ ಸಮ ಎನಿಸಲಿಲ್ಲ. ಕಣ್ಣು ಮುಚ್ಚಿ ಅಂಗೈ ಆಡಿಸಿ ಉಬ್ಬುತಗ್ಗು ಹುಡುಕಿದೆ, ಅದೇ ಸರಿಯಾದ ಅಳತೆ. ಕೊನೆಯ ತೆಳು ಪದರ ಹಸಿ ಇರುವಾಗ ಮುದ್ರೆ ಒತ್ತಿದೆ. ಮೊದಲ ಸಲ ಬೇಗ ಒತ್ತಿ ಫಿಲ್ಲರ್ ಬದಿಗೆ ಹರಿಯಿತು. ಎರಡನೆಯ ಸಲ ಮುದ್ರೆಯ ಅಂಚಿನದೇ ಒಂದು ಗೆರೆ ಮೂಡಿತು. ಎರಡನ್ನೂ ಉಜ್ಜಿ ತೆಗೆದೆ. ಮೂರನೆಯ ಸಲ, ಬೆರಳು ಮುಟ್ಟಿದರೆ ಗುರುತು ಬೀಳಬೇಕು ಆದರೆ ಅಂಟಬಾರದು ಎನ್ನುವ ಹದಕ್ಕೆ ಕಾದು, ಮುದ್ರೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಒಂದರ ಮೇಲೊಂದು ಹಾಯುವಂತೆ ಒತ್ತಿಕೊಂಡು ಹೋದೆ. ಅದು ನಿಂತಿತು.

ಮತ್ತೊಮ್ಮೆ ಆಲ್ಕೊಹಾಲಿನಲ್ಲಿ ಒರೆಸಿ, ವಿನೈಲಿಗೆ ಹಚ್ಚುವ ಹೊಳಪಿಲ್ಲದ ಕಪ್ಪು ಬಣ್ಣವನ್ನು ತೆಳುವಾಗಿ ಐದು ಸಲ ಹೊಡೆದೆ. ಪೂರ್ತಿ ಡ್ಯಾಶ್‌ಬೋರ್ಡಿಗೆ ಹೊಡೆಯಬೇಕಾಯಿತು. ಬರಿಯ ತೇಪೆಗೆ ಹೊಡೆದರೆ ಬೂದಿಯ ನಡುವೆ ಅದೊಂದೇ ಕಪ್ಪಾಗಿ ನಿಲ್ಲುತ್ತಿತ್ತು. ಕೂರಿಸುವಾಗ ಲೋಹ ತಾಗುವಲ್ಲೆಲ್ಲ ಫೆಲ್ಟ್ ಪಟ್ಟಿ ಅಂಟಿಸಿದೆ, ಈಗ ಕಿರುಗುಟ್ಟುವುದು ನಿಂತಿದೆ.

ಸಾಮಾನಿಗೆ ನಾಲ್ಕು ಸಾವಿರದ ಆಸುಪಾಸು ಆಯಿತು. ಬಿಚ್ಚಿ ಕೂರಿಸಿದ ಮೆಕ್ಯಾನಿಕ್ಕಿನ ಕೂಲಿ ಬೇರೆ.

ಕುರ್ಲಾ ಪದ್ಮಿನಿ | ಮಾರ್ಚ್ 30

ಓದಿ ಮನಸ್ಸು ತುಂಬಿತು. ಆದರೆ ನಿಜವಾದ ಪರೀಕ್ಷೆ ಮುಂದಿದೆ. ನನ್ನದು ಕೈಕೊಟ್ಟದ್ದು ಏಪ್ರಿಲಿನಲ್ಲೇ. ಮೇ ಕಳೆಯಲಿ, ಆಮೇಲೆ ಮತ್ತೆ ಬರೆಯಿರಿ.

ವಾಸ್ಕೊ 800 | ಮಾರ್ಚ್ 31

ನನ್ನ ಕಿವಿಗಳು ಪಿಪಿಯೇ ಆಗಿದ್ದವು. ಜಾಳಿಗೆ ಹುದುಗಿಸಿ ಬೆಸೆದೆ, ಸದ್ದು ಹೋಯಿತು. ಒಂದು ಪ್ರಶ್ನೆ: ಒಣಗಿದ ಚರ್ಮಕ್ಕೆ ತೆಂಗಿನೆಣ್ಣೆ ಹಚ್ಚಿದರೆ ಹೋದ ಎಣ್ಣೆ ಮರಳಿ ಬರುತ್ತದೆಯೇ? ಇಲ್ಲಿ ಬಹಳ ಜನ ಹಚ್ಚುತ್ತಾರೆ.

ಭೋಸರಿ ಮೋಲ್ಡಿಂಗ್ | ಮಾರ್ಚ್ 31

ಬರುವುದಿಲ್ಲ. ಮೇಲೆ ಕೂತು ಧೂಳು ಹಿಡಿಯುತ್ತದೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಹೋದ ಪ್ಲಾಸ್ಟಿಸೈಜರನ್ನು ಮರಳಿ ತುಂಬುವ ಯಾವ ಪಾಲಿಶೂ ಇಲ್ಲ, ಉಳಿದದ್ದನ್ನು ಕಾಯಬಹುದಷ್ಟೇ. ನೀರಿನ ಆಧಾರದ, ನೇರಳಾತೀತ ಕಿರಣ ತಡೆಯುವ ಲೇಪ ಸಾಕು. ಅದಕ್ಕಿಂತ ಉತ್ತಮ ಮುಂದಿನ ಗಾಜಿಗೆ ಒಳಗಿನಿಂದ ಇಡುವ ಮಡಚುವ ಪರದೆ. ಚಳಿಗಾಲದಲ್ಲಿ ಕಾರಿನ ಮುಖ ಉತ್ತರಕ್ಕಿದ್ದರೆ ಡ್ಯಾಶ್‌ಬೋರ್ಡಿಗೆ ಬಿಸಿಲು ಕಡಿಮೆ. ಮೇ ನಡುವಿಗೆ ಮುಂಬೈಯಲ್ಲಿ ಸೂರ್ಯ ನಡುನೆತ್ತಿಗೇ ಬರುವುದರಿಂದ ಯಾವ ದಿಕ್ಕಿಗೆ ನಿಲ್ಲಿಸಿದರೂ ಅಷ್ಟೇ, ಪರದೆ ಇರಲೇಬೇಕು.

ಡೊಂಬಿವಲಿ ಕಾಂಟೆಸ್ಸಾ | ಜೂನ್ 8

ಊರಿಗೆ ಹೋಗಿ ಬಂದೆವು. ಹೋಗುವಾಗ ಮಡಗಾಂವಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕಾರವಾರ ದಾಟಿ ಕಟೀಲಿಗೆ. ಅಲ್ಲಿ ದೇವಸ್ಥಾನದ ಹೊರಗೆ ನೆರಳು ಸಿಗದೆ ಕಾರು ಮಧ್ಯಾಹ್ನವೆಲ್ಲ ಬಿಸಿಲಲ್ಲೇ ನಿಂತಿತ್ತು. ಪರದೆ ಇಟ್ಟಿದ್ದೆ, ಆದರೂ ಬಾಗಿಲು ತೆರೆದಾಗ ಮೊದಲು ಕಣ್ಣು ಹೋದದ್ದು ಅಲ್ಲಿಗೇ.

ದೊಡ್ಡ ತೇಪೆ ಪೂರ್ತಿ ಗಟ್ಟಿಯಾಗಿದೆ. ಬಲಬದಿಯ ಸಣ್ಣ ಬಿರುಕಿನ ತುದಿಯಲ್ಲಿ ಕೂದಲಿನಷ್ಟು ಗೆರೆ ಕಾಣುತ್ತಿದೆ. ಅಲ್ಲಿ ಮಾತ್ರ ನಾನು ತೂತು ಹಾಕಿರಲಿಲ್ಲ, ಬಿರುಕು ಚಿಕ್ಕದು, ಬೇಕಿಲ್ಲ ಎಂದು ಬಿಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಅದೊಂದನ್ನು ಮತ್ತೆ ಮಾಡುತ್ತೇನೆ.

ಪಟವನ್ನು ದೊಡ್ಡಮ್ಮ ಕಟೀಲಿನಲ್ಲಿ ಪೂಜೆ ಮಾಡಿಸಿ ತಂದು, ಅದೇ ಚೌಕದ ಮೇಲೆ ತಾವೇ ಅಂಟಿಸಿದರು. ಆ ಚೌಕಕ್ಕೆ ನಾನು ಬಣ್ಣ ಹೊಡೆದಿರಲಿಲ್ಲ.

ಚಿಂಚವಡ ಕಾಂಟೆಸ್ಸಾ | ಜೂನ್ 9

ಮೊದಲಿನಿಂದ ಓದುತ್ತ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನನ್ನದು 1996ರ ಕಾಂಟೆಸ್ಸಾ. ನನ್ನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲು ತಾಗದ ಜಾಗ ಅಂಗೈಯಗಲವೂ ಉಳಿದಿಲ್ಲ. ನಿಮ್ಮ ಸಿಲಿಕೋನ್ ಮುದ್ರೆ ಇನ್ನೂ ಇದೆಯೇ? ಒಂದು ತಿಂಗಳ ಮಟ್ಟಿಗೆ ಕೊಡಬಹುದೇ?

ಡೊಂಬಿವಲಿ ಕಾಂಟೆಸ್ಸಾ | ಜೂನ್ 9

ಖಂಡಿತ ಇದೆ, ಟಾಲ್ಕಮ್ ಪೌಡರ್ ಸವರಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ, ನಾಳೆಯೇ ಕೊರಿಯರ್ ಮಾಡುತ್ತೇನೆ. ಅಂಚುಗಳನ್ನು ಬ್ಲೇಡಿನಿಂದ ತೆಳುವಾಗಿ ಸವರಿದ್ದೇನೆ, ನೀವು ಮತ್ತೆ ಕತ್ತರಿಸುವ ಅಗತ್ಯವಿಲ್ಲ. ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು ಹಾಕಿದ್ದೇನೆ, ಅದು ಗಾಜಿನ ಕಡೆಗಿರುವಂತೆ ಶುರು ಮಾಡಿ.